ನೋಟಿಸ್ ಕೊಟ್ಟಿದ್ದಾರೆ ಎಂದು ಸುಮ್ಮನಾಗಬೇಡಿ, ಅದರೊಳಗೆ ಏನು ಬರೆದಿದ್ದಾರೆ ನೋಡಿ

ಪಕ್ಕದ ಸೈಟಿನಲ್ಲಿ ಪ್ಲಾನ್ ಮೀರಿ ಕಟ್ಟಡ ಏಳುತ್ತಿದೆ, ಪಾಲಿಕೆಗೆ ದೂರು ಕೊಡೋಣ ಎಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯವರಿಗೆ ಆದದ್ದನ್ನೇ ಬರೆಯುತ್ತಿದ್ದೇನೆ. ಬೆಂಗಳೂರಲ್ಲ, ರಾಜ್ಯದ ಇನ್ನೊಂದು ಮಹಾನಗರ ಪಾಲಿಕೆಯ ಊರು. ಕೇಸು ಇನ್ನೂ ನಡೆಯುತ್ತಿರುವುದರಿಂದ ಊರಿನ ಹೆಸರು, ಜನರ ಹೆಸರು ಹಾಕುವುದಿಲ್ಲ.

ಪಾಲಿಕೆಯವರು ನೋಟಿಸ್ ಕೊಡಲಿಲ್ಲ ಅಂತ ಜನ ಗೋಳಾಡುವುದನ್ನು ಕೇಳಿದ್ದೇವೆ. ನಮ್ಮ ವಿಷಯದಲ್ಲಿ ನೋಟಿಸ್ ಕೊಟ್ಟರು. ಆ ನೋಟಿಸೇ ಅಕ್ರಮ ಕಟ್ಟಡವನ್ನು ಉಳಿಸಿತು.

ನಮ್ಮದು ಥರ್ಟಿ ಫಾರ್ಟಿ ಸೈಟಿನಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ. ಪಕ್ಕದ ಖಾಲಿ ಸೈಟನ್ನು ಪಿಜಿ ನಡೆಸುವವರೊಬ್ಬರು ಕೊಂಡರು. ಅವರಿಗೆ ಮಂಜೂರಾಗಿದ್ದ ಪ್ಲಾನ್ ನೆಲ ಮಹಡಿ, ಅದರ ಮೇಲೆ ಎರಡು ಮಹಡಿ. ನಮ್ಮ ಕಡೆಗೆ ಒಂದು ಮೀಟರ್ ಸೆಟ್‌ಬ್ಯಾಕ್, ಅಂದರೆ ಖಾಲಿ ಬಿಡಬೇಕಾದ ಜಾಗ, ತೋರಿಸಿದ್ದರು. ಆದರೆ ಪಾಯದ ಗುಂಡಿ ಬಂದು ನಿಂತದ್ದು ನಮ್ಮ ಕಾಂಪೌಂಡಿನ ಬುಡಕ್ಕೆ. ಪಿಲ್ಲರ್‌ಗಳು ಗೋಡೆಗೆ ಅಂಟಿಕೊಂಡೇ ಎದ್ದವು. ಅಪ್ಪ ಹೋಗಿ ಕೇಳಿದರೆ ಮೇಸ್ತ್ರಿ, "ಎಲ್ಲಾ ಪ್ಲಾನ್ ಪ್ರಕಾರಾನೇ ಯಜಮಾನ್ರೇ, ನೀವು ಆರಾಮಾಗಿರಿ" ಎಂದ. ಪ್ಲಾನ್ ತೋರಿಸಪ್ಪ ಎಂದರೆ, ಓನರ್ ಹತ್ರ ಇದೆ ಎಂದ.

ಪಾಲಿಕೆಯ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆವು. ನಂಬರ್ ಬಂತು. ಕೆಲವು ದಿನಗಳಲ್ಲಿ "ದೂರು ಪರಿಹರಿಸಲಾಗಿದೆ" ಎಂಬ ಮೆಸೇಜೂ ಬಂತು. ಷರಾ ಏನಿತ್ತು ಗೊತ್ತಾ? "ಸ್ಥಳ ಪರಿಶೀಲಿಸಿ ಮಾಲೀಕರಿಗೆ ಮೌಖಿಕವಾಗಿ ತಿಳಿಸಲಾಗಿದೆ." ಅಷ್ಟೇ. ಆ ಹೊತ್ತಿಗೆ ಮೊದಲ ಮಹಡಿಯ ಸೆಂಟ್ರಿಂಗ್ ಕಟ್ಟುತ್ತಿದ್ದರು.

ಸಹಾಯವಾಣಿ, ಆ್ಯಪ್ ಇವೆಲ್ಲ ಬೀದಿದೀಪ, ಕಸ, ರಸ್ತೆ ಗುಂಡಿಗೆ ಚೆನ್ನಾಗಿಯೇ ಇವೆ. ಕಟ್ಟಡದ ದೂರು ಅಲ್ಲಿ ನಿಲ್ಲುವುದಿಲ್ಲ. ಯಾರೋ ಬಂದು ನೋಡಿ ಹೋದರೆ ಟಿಕೆಟ್ ಕ್ಲೋಸ್. ಬಾಯಲ್ಲಿ ಹೇಳಿದ್ದಕ್ಕೆ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ಲಿಖಿತ ಆದೇಶ ಬೇಕು.

ಅದಕ್ಕಿಂತ ಕೆಟ್ಟದ್ದು ಮರುದಿನ ಸಂಜೆ ಆಯಿತು. ಓನರ್ ಮನೆಗೇ ಬಂದರು. ಕೈಯಲ್ಲಿದ್ದ ಮೊಬೈಲಿನಲ್ಲಿ ನಮ್ಮ ದೂರಿನ ಫೋಟೋ, ಅದರಲ್ಲಿ ಅಪ್ಪನ ಹೆಸರು, ಫೋನ್ ನಂಬರ್, ಮನೆ ವಿಳಾಸ. "ನೀವು ನಮ್ಮ ತಂದೆ ಸಮಾನ ಯಜಮಾನ್ರೇ, ಏನಿದ್ರೂ ನನ್ನ ಹತ್ರಾನೇ ಹೇಳಬಹುದಿತ್ತಲ್ಲ" ಎಂದರು. ಮಾತು ಮೃದುವಾಗಿಯೇ ಇತ್ತು. ಜೊತೆಗೆ ಬಂದಿದ್ದ ಇಬ್ಬರು ಮಾತ್ರ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತಿದ್ದರು. ಅಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲ. ದೂರು ಕೊಟ್ಟವರ ವಿವರ ದೂರಿಗೆ ಒಳಗಾದವರ ಕೈಗೆ ಹೋಗುವುದು ಎಷ್ಟು ಅಪಾಯ ಎಂದು ಕಚೇರಿಯಲ್ಲಿ ಕೂತವರಿಗೆ ಗೊತ್ತಿಲ್ಲವೇ? ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹಾಗಂತ ಹೆಸರಿಲ್ಲದ ಅರ್ಜಿ ಹಾಕಿದರೂ ಕೆಲಸ ಆಗುವುದಿಲ್ಲ, ಸಾಮಾನ್ಯವಾಗಿ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ನಮಗೆ ಸಹಾಯವಾದದ್ದು ಬೀದಿಯವರು. ಹಿಂದಿನ ಮನೆಯವರಿಗೆ ಬೆಳಕು ಹೋಗಿತ್ತು, ಎದುರು ಮನೆಯವರಿಗೆ ಚರಂಡಿಯ ಮೇಲೆ ಜಲ್ಲಿ ಸುರಿದದ್ದರ ಸಿಟ್ಟಿತ್ತು. ಎಲ್ಲರೂ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿದೆವು. ಮೊದಲ ಸಹಿ ಅಪ್ಪನದಿರದಂತೆ ನೋಡಿಕೊಂಡೆವು. ಆಮೇಲೆ ಯಾರೂ ಒಬ್ಬರನ್ನೇ ಹುಡುಕಿಕೊಂಡು ಬರಲಿಲ್ಲ. ನಿಮಗೂ ಬೆದರಿಕೆ ಬಂದರೆ ಪೊಲೀಸ್ ಠಾಣೆಯಲ್ಲಿ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಾದರೆ 112.

ಕಾಯ್ದೆ ಏನು ಹೇಳುತ್ತದೆ ಎನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಲೇಬೇಕು, ಯಾಕೆಂದರೆ ನಮ್ಮ ಕೇಸು ಬಿದ್ದದ್ದು ಅಲ್ಲೇ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ ಕರ್ನಾಟಕ ಪೌರನಿಗಮಗಳ ಕಾಯ್ದೆ 1976 ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಅಥವಾ ಪ್ಲಾನ್ ಮೀರಿ ಕಟ್ಟಿದರೆ 321ನೇ ಸೆಕ್ಷನ್. ಇದರಲ್ಲಿ ಮೂರು ಮೆಟ್ಟಿಲಿವೆ. 321(1)ರಲ್ಲಿ ತಾತ್ಕಾಲಿಕ ಆದೇಶ: ಇಷ್ಟು ಭಾಗ ಅಕ್ರಮ, ತೆಗೆಯಿರಿ, ಕೆಲಸ ನಿಲ್ಲಿಸಿ ಅಂತ. 321(2)ರಲ್ಲಿ ಆ ಆದೇಶದ ಪ್ರತಿ ಜೊತೆಗೆ ಕಾರಣ ಕೇಳುವ ನೋಟಿಸ್. ಮಾಲೀಕರ ಉತ್ತರ ಒಪ್ಪುವಂತಿಲ್ಲದಿದ್ದರೆ 321(3)ರಲ್ಲಿ ಅಂತಿಮ ಆದೇಶ. ಅದರ ವಿರುದ್ಧ ಮಾಲೀಕರು 443ಎ ಅಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಒಂದು ಮೆಟ್ಟಿಲು ತಪ್ಪಿದರೂ ಪಾಲಿಕೆಯ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಬೆಂಗಳೂರಿನವರು ಹಳೇ ಅರ್ಜಿಯ ನಕಲು ಇಟ್ಟುಕೊಂಡು ಬರೆಯಬೇಡಿ. ಅಲ್ಲಿ ಬಿಬಿಎಂಪಿ ಕಾಯ್ದೆ 2020ರ 248ನೇ ಸೆಕ್ಷನ್‌ನಲ್ಲಿ ಇದೇ ಕ್ರಮ ಇತ್ತು. 2025ರ ಮೇ ತಿಂಗಳಿಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ, ಅದೇ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ.

ಬೀದಿಯವರ ಅರ್ಜಿಯನ್ನು ಆಯುಕ್ತರ ಹೆಸರಿಗೆ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆವು. ಆಮೇಲೆ ನಗರ ಯೋಜನಾ ವಿಭಾಗದವರು ಬಂದರು, ಫೋಟೋ ತೆಗೆದರು. ನೋಟಿಸ್ ಜಾರಿಯಾಗಿದೆ ಎಂದು ನಮಗೆ ಪತ್ರವೂ ಬಂತು. ಬೀದಿಯವರೆಲ್ಲ ನೆಮ್ಮದಿಯಾದರು. ಕೆಲಸ ಸ್ವಲ್ಪ ದಿನ ನಿಂತಿತು ಕೂಡ. ಆಮೇಲೆ ಹಸಿರು ಪರದೆ ಇಳಿಬಿಟ್ಟು ರಾತ್ರಿ ಹೊತ್ತು ಮತ್ತೆ ಶುರು. ಮೂರನೇ ಮಹಡಿಯ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕಿದ್ದು ಭಾನುವಾರ. ಎರಡು ದಿನ ಸಾಲು ರಜೆ ಇದ್ದಾಗ ನಾಲ್ಕನೆಯದು. ಕಚೇರಿ ಮುಚ್ಚಿರುವ ದಿನ ನೋಡಿಯೇ ಮೋಲ್ಡ್ ಹಾಕುತ್ತಾರೆ, ಇದು ನಿಮಗೆ ನೆನಪಿರಲಿ.

ಮಾಹಿತಿ ಹಕ್ಕಿನಲ್ಲಿ ಆ ನೋಟಿಸಿನ ಪ್ರತಿ ತೆಗೆಸಿದ್ದು ಆಗ. ಒಂದೇ ಹಾಳೆ. ನೋಟಿಸ್ ಯಾರ ಹೆಸರಿಗೆ ಇತ್ತು? ಸೈಟು ಮಾರಿ ಊರು ಬಿಟ್ಟುಹೋದ ಹಳೇ ಮಾಲೀಕರ ಹೆಸರಿಗೆ. ಸ್ವತ್ತಿನ ನಂಬರ್ ಇರಬೇಕಾದ ಕಡೆ ನಮ್ಮ ಮನೆ ನಂಬರ್! ದೂರು ಕೊಟ್ಟವರ ವಿಳಾಸವನ್ನೇ ಎತ್ತಿ ಅಲ್ಲಿ ಹಾಕಿದ್ದರು. ಎಷ್ಟು ಅಡಿ ಸೆಟ್‌ಬ್ಯಾಕ್ ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದಾರೆ, ಯಾವ ಮಹಡಿ ಹೆಚ್ಚುವರಿ ಎನ್ನುವ ಒಂದು ಅಂಕಿಯೂ ಇರಲಿಲ್ಲ. "ಮಂಜೂರಾತಿ ನಕ್ಷೆ ಉಲ್ಲಂಘಿಸಿ ಕಟ್ಟಡ ನಿರ್ಮಿಸುತ್ತಿರುವುದು ಕಂಡುಬಂದಿರುತ್ತದೆ" ಎಂಬ ಒಂದು ಸಾಲು, ಕೆಳಗೆ ಸಹಿ. 321(2)ರ ಕಾರಣ ಕೇಳುವ ನೋಟಿಸ್ ಕಡತದಲ್ಲೇ ಇರಲಿಲ್ಲ.

ಈ ಹಾಳೆ ಹಿಡಿದುಕೊಂಡೇ ಓನರ್ ಕಡೆಯವರು ಮೇಲ್ಮನವಿ ಹೋದರು. ತಡೆಯಾಜ್ಞೆ ಸಿಕ್ಕಿತು, ಕೊನೆಗೆ ಆದೇಶವೇ ರದ್ದಾಯಿತು. ಪಾಲಿಕೆ ಬೇಕಾದರೆ ಕಾನೂನು ಪ್ರಕಾರ ಹೊಸದಾಗಿ ಕ್ರಮ ಶುರು ಮಾಡಬಹುದು ಎಂದಾಯಿತು. ನ್ಯಾಯಮಂಡಳಿಯನ್ನು ದೂರುವ ಹಾಗಿಲ್ಲ. ಇನ್ಯಾರದೋ ಹೆಸರು, ಇನ್ಯಾರದೋ ಮನೆ ನಂಬರ್ ಇರುವ ಆದೇಶವನ್ನು ಯಾರು ತಾನೇ ಎತ್ತಿಹಿಡಿಯುತ್ತಾರೆ? ಗಡಿಬಿಡಿಯಲ್ಲಿ ಆದ ತಪ್ಪೋ, ಬೇಕೆಂದೇ ಬಿಟ್ಟ ಕಿಂಡಿಯೋ, ನಾನು ಹೇಳಲಾರೆ. ಲಾಭ ಯಾರಿಗೆ ಆಯಿತು ಎನ್ನುವುದಕ್ಕೆ ಸಾಕ್ಷಿಯಾಗಿ ಕಣ್ಣ ಮುಂದೆ ಐದು ಅಂತಸ್ತು ನಿಂತಿದೆ. ನಮ್ಮ ಅಡುಗೆಮನೆಯಲ್ಲಿ ಹಗಲಲ್ಲೂ ಲೈಟ್ ಹಾಕಿಕೊಂಡೇ ಅಮ್ಮ ಕೆಲಸ ಮಾಡಬೇಕು.

ಹಾಗಾಗಿ ನನ್ನ ಮನವಿ ಇಷ್ಟು. ಅರ್ಜಿಯಲ್ಲೇ ಸರಿಯಾದ ವಿವರ ನೀವೇ ಕೊಡಿ: ಪಕ್ಕದ ಸ್ವತ್ತಿನ ನಂಬರ್, ಈಗಿನ ಮಾಲೀಕರ ಹೆಸರು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ), ಟೇಪ್ ಹಿಡಿದು ಅಳೆದ ಅಂತರ, ತಾರೀಖು ಕಾಣುವ ಫೋಟೋ. ನಿಮ್ಮ ವಿಳಾಸವನ್ನು ಅರ್ಜಿಯ ಕೊನೆಯಲ್ಲಿ ಬೇರೆಯಾಗಿ ಬರೆಯಿರಿ. ನೋಟಿಸ್ ಹೋಗಿದೆ ಎಂದ ಕೂಡಲೇ ಅದರ ಪ್ರತಿ ಕೇಳಿ. ತಪ್ಪು ಕಂಡರೆ ಅಂದೇ ಇನ್ನೊಂದು ಅರ್ಜಿ ಕೊಟ್ಟು, ತಿದ್ದಿ ಹೊಸ ಆದೇಶ ಹೊರಡಿಸಿ ಎಂದು ಬರೆಯಿರಿ, ಅದಕ್ಕೂ ಇನ್‌ವರ್ಡ್ ಸೀಲು ಹಾಕಿಸಿ. ಕಟ್ಟಡ ಪಾಯದಲ್ಲಿರುವಾಗ ಇದು ಒಂದು ಹಾಳೆಯ ಕೆಲಸ. ಮೋಲ್ಡ್ ಬಿದ್ದು ಜನ ಒಳಗೆ ಬಂದ ಮೇಲೆ ವರ್ಷಗಟ್ಟಲೆ ಕೋರ್ಟಿನ ಕೆಲಸ.

ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದ ಮೀರದಂತೆ ಬರೆಯಬೇಕು, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಮಂಜೂರಾದ ನಕ್ಷೆ, ಲೈಸೆನ್ಸ್ ಪ್ರತಿ, ಸ್ಥಳ ಪರಿಶೀಲನೆ ವರದಿ, 321ರ ಅಡಿ ಹೊರಡಿಸಿದ ಆದೇಶಗಳ ಪ್ರತಿ ಎಂದು ಹೆಸರಿಸಿ ಕೇಳಿ. "ಏನು ಕ್ರಮ ಕೈಗೊಂಡಿದ್ದೀರಿ" ಎಂದು ಸುಮ್ನೆ ಕೇಳಿದರೆ "ಕ್ರಮ ಕೈಗೊಳ್ಳಲಾಗುತ್ತಿದೆ" ಎಂದಷ್ಟೇ ಉತ್ತರ ಬರುತ್ತದೆ. 30 ದಿನದಲ್ಲಿ ಉತ್ತರ ಕೊಡಬೇಕು. ನಕ್ಷೆ ಮೂರನೇ ವ್ಯಕ್ತಿಯ ಮಾಹಿತಿ, ಕೊಡಲಾಗದು ಎಂದು ನಮಗೂ ಹೇಳಿದರು. ಮೊದಲ ಮೇಲ್ಮನವಿಯಲ್ಲಿ ಸಿಕ್ಕಿತು.

ಇನ್ನೊಂದು ಮುಖ್ಯ ವಿಷಯ ಕೇವಿಯಟ್, ಅಂದರೆ ನಮಗೆ ತಿಳಿಸದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಟ್ಟಿಡುವ ಅರ್ಜಿ. ಅಕ್ರಮ ಕಟ್ಟುವವರು ಮೊದಲು ಓಡುವುದು ತಡೆಯಾಜ್ಞೆಗೆ. ಸಿವಿಲ್ ಕೋರ್ಟಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) 148ಎ ಅಡಿ ಕೇವಿಯಟ್ ಹಾಕಿಟ್ಟರೆ ನಿಮಗೆ ತಿಳಿಸದೆ ಆದೇಶ ಆಗುವುದು ತಪ್ಪುತ್ತದೆ. 90 ದಿನ ಊರ್ಜಿತ, ಆಮೇಲೆ ಮತ್ತೆ ಹಾಕಬೇಕು. ಮೇಲ್ಮನವಿ ಹಂತಕ್ಕೆ ಹೋದರೆ ನಿಮ್ಮನ್ನೂ ಪ್ರತಿವಾದಿಯಾಗಿ ಸೇರಿಸಿಕೊಳ್ಳಿ ಎಂದು ವಕೀಲರ ಮೂಲಕ ಅರ್ಜಿ ಹಾಕಿ. ಪಾಲಿಕೆಯ ಪರವಾಗಿ ಅಲ್ಲಿ ಯಾರೋ ಗಟ್ಟಿಯಾಗಿ ವಾದ ಮಾಡುತ್ತಾರೆ ಎಂದು ನಂಬಿ ಸುಮ್ಮನೆ ಕೂರಬೇಡಿ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಕೇಸಿನಲ್ಲಿ ಕೊಟ್ಟ ತೀರ್ಪು ನಮ್ಮಂಥವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಕಟ್ಟುವಷ್ಟು ದಿನವೂ ಮಂಜೂರಾದ ಪ್ಲಾನನ್ನು ಜಾಗದಲ್ಲೇ ಎಲ್ಲರಿಗೂ ಕಾಣುವಂತೆ ಹಾಕಿರಬೇಕು ಎಂದು ಅದರಲ್ಲಿದೆ. ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ಪ್ಲಾನ್ ಹಾಕಿಲ್ಲ ಎನ್ನುವುದೇ ಒಂದು ಉಲ್ಲಂಘನೆ, ಅದನ್ನೂ ಅರ್ಜಿಯಲ್ಲಿ ಬರೆಯಬಹುದು. ವಿದ್ಯುತ್ ಕಂಪನಿಗೂ ಒಂದು ಪ್ರತಿ ಕೊಡಿ. ಹಾಗೆಯೇ 1976ರ ಕಾಯ್ದೆಯಲ್ಲಿ 321ಬಿ ಇದೆ. ಅಕ್ರಮ ತಡೆಯದ ಅಧಿಕಾರಿಯ ಮೇಲೇ ಕ್ರಮ ಎನ್ನುವ ಸೆಕ್ಷನ್ ಅದು. ಎರಡನೇ ಸುತ್ತಿನ ಅರ್ಜಿಯಲ್ಲಿ ಇದನ್ನು ಬರೆದ ಮೇಲೆ ಕಚೇರಿಯವರ ಮಾತಿನ ಧಾಟಿಯೇ ಬೇರೆಯಾಯಿತು.

"ಬಿಡಿ ಮೇಡಂ, ಹೇಗೂ ಅಕ್ರಮ ಸಕ್ರಮ ಆಗತ್ತೆ" ಎನ್ನುವವರೂ ಸಿಗುತ್ತಾರೆ. ವಾಸದ ಕಟ್ಟಡಕ್ಕೆ 50%, ಬೇರೆ ಬಳಕೆಯದಕ್ಕೆ 25% ವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಆ ಮಾತು ನಂಬಿ ದೂರು ಹಿಂದಕ್ಕೆ ತಗೋಬೇಡಿ. ಕಚೇರಿಯ ಹೊರಗೆ ಟೀ ಅಂಗಡಿ ಹತ್ತಿರ ಸಿಕ್ಕಿ "ನಾನು ಕಡತ ಮೂವ್ ಮಾಡಿಸ್ತೀನಿ, ಇಷ್ಟು ಕೊಡಿ" ಎನ್ನುವವರಿಗೂ ಒಂದು ರೂಪಾಯಿ ಕೊಡಬೇಡಿ. ನಮ್ಮ ಬೀದಿಯವರನ್ನು ಹಾಗೆ ಕೇಳಿದವನನ್ನೇ ಆಮೇಲೆ ಓನರ್ ಜೊತೆ ಕಾರಿನಲ್ಲಿ ನೋಡಿದೆವು. ಅಧಿಕಾರಿಯೇ ಹಣ ಕೇಳಿದರೆ ಲೋಕಾಯುಕ್ತವಿದೆ, ನಿಗದಿತ ನಮೂನೆಯಲ್ಲಿ ಅಫಿಡವಿಟ್ ಜೊತೆ ದೂರು ಕೊಡಬೇಕು. ಪಾಲಿಕೆ ಅರ್ಜಿಯನ್ನೇ ಕೂರಿಸಿಕೊಂಡರೆ ಸರ್ಕಾರದ ಜನಸ್ಪಂದನ, 1902. ಅಲ್ಲೂ ಹಳೇ ಇನ್‌ವರ್ಡ್ ನಂಬರ್ ಹೇಳಿದರೆ ಮಾತ್ರ ದೂರಿಗೆ ತೂಕ.

ಇದು ಬರೀ ಬೆಳಕು ಗಾಳಿಯ ಜಗಳ ಎಂದುಕೊಳ್ಳಬೇಡಿ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ, ಕಟ್ಟುತ್ತಿದ್ದ ಏಳು ಅಂತಸ್ತಿನ ಕಟ್ಟಡ ಕುಸಿದು 9 ಜನ ಸತ್ತರು. ಮೂರು ಅಂತಸ್ತಿಗೆ ಎಂದು ಹಾಕಿದ ಪಾಯದ ಮೇಲೆ ಐದು ಏರಿಸಿದರೆ ಅದರ ಭಾರ ಪಕ್ಕದ ಮನೆಯವರ ತಲೆಯ ಮೇಲೂ ಇದೆ. ನಿಮ್ಮ ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದು ಫೋಟೋ ತೆಗೆದಿಡಿ. ಬಿರುಕು ಅಗಲವಾಗುತ್ತಿದ್ದರೆ ಅರ್ಜಿ ಬರೆಯುತ್ತಾ ಕೂರಬೇಡಿ, ಮೊದಲು ಮನೆಯವರನ್ನು ಹೊರಗೆ ಕರೆದುಕೊಂಡು 112ಕ್ಕೆ ಫೋನ್ ಮಾಡಿ.

ನಮ್ಮ ಕೇಸಿನಲ್ಲಿ ಈಗ ಹೊಸ ಆದೇಶ ಹೊರಟಿದೆ. ಈ ಸಲ ಹೆಸರು ಸರಿ ಇದೆ, ನಂಬರ್ ಸರಿ ಇದೆ, ಮಹಡಿವಾರು ಅಳತೆ ಇದೆ, ಕಾರಣ ಕೇಳುವ ನೋಟಿಸೂ ಜೊತೆಗಿದೆ. ಓನರ್ ಮತ್ತೆ ಮೇಲ್ಮನವಿ ಹಾಕಿದ್ದಾರೆ, ನಾವೂ ಪ್ರತಿವಾದಿಯಾಗಲು ಅರ್ಜಿ ಕೊಟ್ಟಿದ್ದೇವೆ. ಅಂತಿಮ ಆದೇಶ ಎತ್ತಿಹಿಡಿದ ಮೇಲೆ ಪಾಲಿಕೆಯಿಂದ ನಿಜವಾಗಿ ತೆರವು ಮಾಡಿಸಿದ ಅನುಭವ ಯಾರಿಗಾದರೂ ಇದ್ದರೆ, ಹೇಗೆ ಮಾಡಿಸಿದಿರಿ ಎಂದು ದಯವಿಟ್ಟು ಬರೆಯಿರಿ. ನಮ್ಮ ಬೀದಿಗೆ ಮುಂದೆ ಬೇಕಾಗುವುದು ಅದೇ.