‘ಪಿಆರ್ ಗ್ಯಾರಂಟಿ’ ಎಂದವರನ್ನು ನಂಬಿ ಎರಡು ವೀಸಾಗಳ ನಡುವೆ ಅಂತರ ಬಿಡಬೇಡಿ

ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ದುಡಿಯುತ್ತಾ ಕಾಯಂ ವಾಸದ ಅನುಮತಿಗೆ ಬೇಕಾದ ಐದು ವರ್ಷ ತುಂಬುವುದನ್ನೇ ಕಾಯುತ್ತಿರುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಅದರಲ್ಲೂ ಒಂದು ವೀಸಾ ಮುಗಿದು ಇನ್ನೊಂದು ಸಿಗುವವರೆಗೆ ಊರಿನಲ್ಲಿ ಉಳಿದಿದ್ದವರು ತಪ್ಪದೆ ಓದಬೇಕು. ನನ್ನದು, ನನ್ನ ಹೆಂಡತಿಯದು, ಮಗಳದು, ಮೂವರ ಐಎಲ್‌ಆರ್ (ಆ ಕಾಯಂ ವಾಸದ ಅನುಮತಿ, ನಮ್ಮವರು ಪಿಆರ್ ಎನ್ನುವುದು) ಅರ್ಜಿಯೂ ತಿರಸ್ಕೃತವಾಗಿದೆ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ತಲಾ 3,029 ಪೌಂಡ್ ಕಟ್ಟಿದ್ದೆವು; ತಿರಸ್ಕೃತವಾದ ಅರ್ಜಿಯ ಶುಲ್ಕದಲ್ಲಿ ಒಂದು ಪೆನ್ನಿಯೂ ಹಿಂದಿರುಗುವುದಿಲ್ಲ. ಸಲಹೆಗಾರರೆಂದು ಹೇಳಿಕೊಂಡ ಮಹಾಶಯರೊಬ್ಬರು ತಮ್ಮ ಪಾಲಿನ ಹಣವನ್ನು ಬೇರೆಯಾಗಿ, ಮುಂಗಡವಾಗಿಯೇ ಎಣಿಸಿಕೊಂಡಿದ್ದರು.

ಅವರು ನಮ್ಮ ಕಡೆಯವರೇ, ಚೆನ್ನಾಗಿ ಕನ್ನಡ ಮಾತನಾಡುತ್ತಾರೆ, ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುತ್ತಾರೆ. ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ. ನಾನು ಕೆಲಸ ಬದಲಿಸಬೇಕಾಗಿ ಬಂದಾಗ, ಅಂದರೆ 2023ರಲ್ಲಿ, ನನ್ನ ಹಳೆಯ ವೀಸಾ ಅಕ್ಟೋಬರ್ ಕೊನೆಗೆ ಮುಗಿಯುವುದಿತ್ತು. ಇಲ್ಲಿದ್ದುಕೊಂಡೇ, ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ 1971ರ ವಲಸೆ ಕಾಯ್ದೆಯ 3ಸಿ ಕಲಮಿನಂತೆ ತೀರ್ಮಾನ ಬರುವವರೆಗೆ ಹಳೆಯ ವೀಸಾವೇ ಮುಂದುವರಿಯುತ್ತಿತ್ತು. ಆದರೆ ಈ ಮಹಾಶಯರು, ‘ಊರಿನಿಂದ ಹಾಕಿದರೆ ಶುಲ್ಕವೂ ಕಡಿಮೆ, ತೀರ್ಮಾನವೂ ಬೇಗ, ನೀವು ಆರಾಮವಾಗಿ ಹೋಗಿ ಬನ್ನಿ ಸರ್’ ಎಂದು ಕಳುಹಿಸಿದರು. ಊರಿನಿಂದ ಹಾಕಿದರೂ ಕೆಡುತ್ತಿರಲಿಲ್ಲ. ವೀಸಾ ಇರುವಾಗಲೇ ದೇಶ ಬಿಟ್ಟವರು ಅದು ಮುಗಿಯುವ ಮೊದಲು, ಅಥವಾ ಮುಗಿದ 14 ದಿನಗಳ ಒಳಗೆ ಹೊಸ ಅರ್ಜಿ ಸಲ್ಲಿಸಿ ಅದು ಮಂಜೂರಾದರೆ ಆ ಐದು ವರ್ಷಗಳ ವಾಸದ ಎಣಿಕೆ ಮುರಿಯುವುದಿಲ್ಲ ಎಂದು ನಿಯಮದಲ್ಲಿಯೇ ಇದೆ. ಹದಿನಾಲ್ಕೇ ದಿನ. ಇದನ್ನು ಅವರು ನನಗೆ ಒಂದು ಸಲವೂ ಹೇಳಲಿಲ್ಲ.

ಹೊಸ ಕಂಪನಿಯವರು ವೀಸಾ ಅರ್ಜಿಗೆ ಬೇಕಾದ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರವನ್ನು, ನಾವೆಲ್ಲ ಸಿಒಎಸ್ ಎನ್ನುವುದನ್ನು, ಹಳೆಯ ವೀಸಾ ಮುಗಿಯುವ ಮೊದಲೇ ಕಳುಹಿಸಿದ್ದರು. ನಾನು ಅದನ್ನು ಅಂದೇ ಇವರಿಗೆ ಕಳುಹಿಸಿದೆ. ‘ಯಾವಾಗ ಹಾಕುತ್ತೀರಿ?’ ಎಂದು ಕೇಳಿದಾಗಲೆಲ್ಲ ಬಂದದ್ದು ಒಂದೇ ಉತ್ತರ: ‘ಸಿಒಎಸ್‌ಗೆ ಮೂರು ತಿಂಗಳು ಟೈಮ್ ಇದೆ ಸರ್, ಅರ್ಜೆಂಟ್ ಯಾಕೆ?’ ಸಿಒಎಸ್ ಮೂರು ತಿಂಗಳ ಒಳಗೆ ಬಳಸಬೇಕಾದದ್ದು ಎಂಬುದು ನಿಜವೇ, ಆದ್ದರಿಂದಲೇ ಮಾತು ಸರಿಯೆನಿಸಿತು. ಆದರೆ ಆ ಮೂರು ತಿಂಗಳಿಗೂ ವಾಸದ ಎಣಿಕೆ ಮುರಿಯದಂತೆ ಕಾಪಾಡುವ 14 ದಿನಗಳಿಗೂ ಯಾವ ಸಂಬಂಧವೂ ಇಲ್ಲ. ನವೆಂಬರ್ 12ರ ದೀಪಾವಳಿಯ ದಿನ ಅವರಿಂದ ಹಣತೆಯ ಚಿತ್ರವೊಂದು ಬಂತು, ಅದರ ಕೆಳಗೆ, ‘ಹಬ್ಬ ಚೆನ್ನಾಗಿ ಮಾಡಿ, ಆಮೇಲೆ ಸಬ್ಮಿಟ್ ಮಾಡೋಣ’ ಎಂದಿತ್ತು. ಅಂದು ನನ್ನ 14 ದಿನಗಳು ಮುಗಿಯುತ್ತಾ ಬಂದಿದ್ದವು. ಅರ್ಜಿ ಹೋದದ್ದು ತಿಂಗಳ ಕೊನೆಗೆ. ವೀಸಾ ಬಂತು, ಹೊಸ ವರ್ಷದಲ್ಲಿ ನಾವು ವಾಪಸಾದೆವು, ನಾನು ಅವರಿಗೆ ಧನ್ಯವಾದವನ್ನೂ ಹೇಳಿದೆ! ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಇನ್ನು ಗೈರುಹಾಜರಿಯ, ಅಂದರೆ ಬ್ರಿಟನ್ನಿನಿಂದ ಹೊರಗಿದ್ದ ದಿನಗಳ ಲೆಕ್ಕ. ಐಎಲ್‌ಆರ್ ಅರ್ಜಿಗೆ ಮೊದಲು ಅವರು ಒಂದು ಎಕ್ಸೆಲ್ ಹಾಳೆ ಕಳುಹಿಸಿದ್ದರು. ಅದರಲ್ಲಿ 2021, 2022, 2023 ಎಂದು ವರ್ಷಕ್ಕೊಂದು ಸಾಲು, ಪ್ರತಿ ಸಾಲಿನ ಕೊನೆಯಲ್ಲಿ 180ಕ್ಕಿಂತ ಕಡಿಮೆ ಮೊತ್ತ, ಅದಕ್ಕೆ ಹಸಿರು ಬಣ್ಣ. ನಿಯಮ ಹೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷವನ್ನಲ್ಲ. ಯಾವುದೇ 12 ತಿಂಗಳನ್ನು ತೆಗೆದುಕೊಂಡರೂ, ಅದು ಜೂನ್‌ನಿಂದ ಮೇವರೆಗಿರಲಿ, ಮಾರ್ಚ್‌ನಿಂದ ಫೆಬ್ರವರಿವರೆಗಿರಲಿ, ಹೊರಗಿದ್ದ ದಿನಗಳು 180 ಮೀರಬಾರದು. ತಂದೆಯವರ ಹೃದಯ ಶಸ್ತ್ರಚಿಕಿತ್ಸೆಗೆಂದು ಬೇಸಿಗೆಯಲ್ಲಿ ಮೈಸೂರಿನಲ್ಲಿದ್ದ ದಿನಗಳು, ಆಮೇಲೆ ವೀಸಾಕ್ಕೆಂದು ಕಾಯುತ್ತಾ ಹೊಸ ವರ್ಷ ಬಂದ ಮೇಲೂ ಉಳಿದ ದಿನಗಳು, ಎರಡನ್ನೂ ಒಂದೇ 12 ತಿಂಗಳಲ್ಲಿಟ್ಟು ಕೂಡಿದರೆ ಮಿತಿ ದಾಟುತ್ತದೆ. ಡಿಸೆಂಬರ್ 31ಕ್ಕೆ ಗೆರೆ ಎಳೆದರೆ ಮಾತ್ರ ದಾಟುವುದಿಲ್ಲ, ಅವರು ಎಳೆದದ್ದು ಆ ಗೆರೆಯನ್ನೇ. ಹತ್ತಿರದ ಬಂಧುವಿನ ಪ್ರಾಣಾಪಾಯದ ಕಾಯಿಲೆಗೆಂದು ಹೋದ ದಿನಗಳಿಗೆ ವಿನಾಯಿತಿ ಕೇಳಲು ಅವಕಾಶವಿದೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶವನ್ನು ನಾನು ಸ್ಕ್ಯಾನ್ ಮಾಡಿ ಕೊಟ್ಟಿದ್ದೆ. ‘ಅದೆಲ್ಲ ಯಾರೂ ಕೇಳುವುದಿಲ್ಲ’ ಎಂದು ಅದನ್ನು ಅವರು ಅರ್ಜಿಗೆ ಸೇರಿಸಲೇ ಇಲ್ಲ.

ಹೋಮ್ ಆಫೀಸ್‌ನ (ಬ್ರಿಟನ್ನಿನ ಗೃಹ ಇಲಾಖೆಯ) ತಿರಸ್ಕಾರದ ಪತ್ರದಲ್ಲಿ ಈ ಎರಡೂ ಕಾರಣಗಳಿದ್ದವು. 14 ದಿನಗಳ ಸಾಲನ್ನು ಓದಿದ ಕೂಡಲೇ ನಾನು ವಾಟ್ಸ್‌ಆ್ಯಪ್ ತೆರೆದು ಹಿಂದಕ್ಕೆ ಹೋಗಿ ಆ ಹಣತೆಯ ಚಿತ್ರವನ್ನು ಹುಡುಕಿದೆ. ದಿನಾಂಕ ಅಲ್ಲೇ ಇತ್ತು. ಹೆಂಡತಿಗೆ ಅದನ್ನು ತೋರಿಸುವಾಗ ತಲೆ ಎತ್ತಲಾಗಲಿಲ್ಲ. ಐಎಲ್‌ಆರ್‌ಗೆ ಪಾಸಾಗಬೇಕಾದ ಲೈಫ್ ಇನ್ ದಿ ಯುಕೆ ಪರೀಕ್ಷೆಗೆಂದು ಎಂಟನೆಯ ಹೆನ್ರಿಯ ಆರು ಹೆಂಡತಿಯರ ಹೆಸರನ್ನು ಅಡುಗೆ ಮಾಡುತ್ತಲೇ ಬಾಯಿಪಾಠ ಮಾಡಿದ್ದಳು ಅವಳು. ಆ ಪರೀಕ್ಷೆಯ ಫಲಿತಾಂಶಕ್ಕೆ ಮಾತ್ರ ವಾಯಿದೆ ಇಲ್ಲವಂತೆ, ಉಳಿದದ್ದು ಅದೊಂದೇ.

ಮಹಾಶಯರ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಹೇಳುತ್ತೇನೆ. ಮೊದಲು, ‘ಹೋಮ್ ಆಫೀಸ್‌ನವರು ಈಗ ತುಂಬಾ ಸ್ಟ್ರಿಕ್ಟ್ ಆಗಿದ್ದಾರೆ ಸರ್’ ಎಂದರು. ಎಕ್ಸೆಲ್ ಹಾಳೆಯನ್ನು ಅವರಿಗೇ ತಿರುಗಿ ಕಳುಹಿಸಿದಾಗ, ‘ದಿನಾಂಕ ಕೊಟ್ಟವರು ನೀವೇ ಅಲ್ಲವೇ?’ ಎಂದರು. ದಿನಾಂಕ ಕೊಟ್ಟವನು ನಾನೇ, ಪಾಸ್‌ಪೋರ್ಟಿನಲ್ಲಿರುವ ಬೆಂಗಳೂರು ವಿಮಾನ ನಿಲ್ದಾಣದ ಮುದ್ರೆಗಳನ್ನು ಒಂದೊಂದಾಗಿ ನೋಡಿ ಕೊಟ್ಟಿದ್ದೆ. ಗೆರೆ ಎಳೆದವರು ಯಾರು? ದೀಪಾವಳಿಯ ಸಂದೇಶವನ್ನು ತೋರಿಸಿದಾಗ, ‘ನಾವು ಕೊಡುವುದು ಮಾರ್ಗದರ್ಶನ ಮಾತ್ರ, ಲೀಗಲ್ ಅಡ್ವೈಸ್ ಅಲ್ಲ, ರಸೀದಿ ನೋಡಿಕೊಳ್ಳಿ’ ಎಂದರು. ನೋಡಿದೆ, ‘ದಾಖಲೆ ಸಿದ್ಧತೆ ಸೇವೆ’ ಎಂದಿತ್ತು. ಹಣ ಪಡೆಯುವಾಗ ‘ಪಿಆರ್ ಗ್ಯಾರಂಟಿ’, ಕೆಟ್ಟ ಮೇಲೆ ದಾಖಲೆ ಸಿದ್ಧತೆ! ಕೊನೆಯ ಸಂದೇಶವಂತೂ ಎಲ್ಲವನ್ನೂ ಮೀರಿಸಿತು: ‘ಎಕ್ಸ್‌ಟೆನ್ಷನ್ ನಮ್ಮ ಹತ್ತಿರವೇ ಮಾಡಿಸಿ, ಡಿಸ್ಕೌಂಟ್ ಕೊಡುತ್ತೇನೆ.’ ನಂತರದ ನನ್ನ ಸಂದೇಶಗಳಿಗೆಲ್ಲ ನೀಲಿ ಗೆರೆ ಬೀಳುತ್ತದೆ, ಉತ್ತರವಿಲ್ಲ.

ಈಗ ನಮ್ಮ ಐದು ವರ್ಷಗಳ ಎಣಿಕೆ ಹೊಸ ವೀಸಾದಿಂದ ಶುರು. ಅದಕ್ಕೂ ಹಿಂದೆ ದುಡಿದು ತೆರಿಗೆ ಕಟ್ಟಿದ ವರ್ಷಗಳು ಈ ಲೆಕ್ಕಕ್ಕೆ ಸಲ್ಲುವುದಿಲ್ಲ. ನಡುವೆ ವೀಸಾ ವಿಸ್ತರಿಸಬೇಕು, ಆರೋಗ್ಯ ಶುಲ್ಕವೆಂದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್ ಮತ್ತೆ ಕಟ್ಟಬೇಕು. ಇದರ ಮೇಲೆ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಸರ್ಕಾರ ಈ ಅವಧಿಯನ್ನೇ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿದೆ. ಆ ನವೆಂಬರಿನಲ್ಲಿ ಕೆಲವು ದಿನ ಮೊದಲು ಒಂದು ಗುಂಡಿ ಒತ್ತಿದ್ದರೆ ಇದಾವುದೂ ನಮ್ಮ ಚಿಂತೆಯಾಗುತ್ತಿರಲಿಲ್ಲ.

ಹಣ ಕೊಡುವ ಮುನ್ನ ಸಲಹೆಗಾರರ ಹೆಸರು ವಲಸೆ ಸಲಹೆಗಾರರ ಮೇಲ್ವಿಚಾರಣೆ ಮಾಡುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ನೋಂದಣಿ ಪಟ್ಟಿಯಲ್ಲಿದೆಯೇ ನೋಡಿ, ಅಥವಾ ಅವರು ಸಾಲಿಸಿಟರ್ (ವಕೀಲರು) ಹೌದೇ ಎಂದು ಖಚಿತಪಡಿಸಿಕೊಳ್ಳಿ. ಆ ಅರ್ಹತೆ ಇಲ್ಲದೆ ಹಣ ಪಡೆದು ವಲಸೆ ಸಲಹೆ ನೀಡುವುದು 1999ರ ವಲಸೆ ಮತ್ತು ಆಶ್ರಯ ಕಾಯ್ದೆಯಡಿ ಅಪರಾಧ. ಇವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಗೈರುಹಾಜರಿಯನ್ನು ನೀವೇ ಎಣಿಸಿ. ಹೊರಟ ದಿನ, ಬಂದಿಳಿದ ದಿನ ಬಿಟ್ಟು ಪೂರ್ತಿ ಹೊರಗಿದ್ದ ದಿನಗಳಷ್ಟೇ ಲೆಕ್ಕ, ಆದರೆ ಕಂಪನಿಯೇ ಕೆಲಸಕ್ಕೆಂದು ಬೆಂಗಳೂರಿಗೆ ಕಳುಹಿಸಿದ್ದರೂ ಸಾಮಾನ್ಯವಾಗಿ ಅದೂ ಲೆಕ್ಕಕ್ಕೆ ಬರುತ್ತದೆ.

ನಾನು ಅಥಾರಿಟಿಗೆ ದೂರು ಕೊಟ್ಟಿದ್ದೇನೆ. ‘ಪಿಆರ್ ಗ್ಯಾರಂಟಿ’ ಎಂಬ ಅದೇ ಪ್ರಕಟಣೆಯನ್ನು ಅವರು ಕಳೆದ ವಾರವೂ ನಮ್ಮ ಗುಂಪಿನಲ್ಲಿ ಹಾಕಿದ್ದಾರೆ. ಇವರಿಂದ ಇದೇ ರೀತಿ ಮೋಸಹೋದವರು ರಸೀದಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ತಾವೂ ಲಿಖಿತವಾಗಿ ದೂರು ಕೊಡಿ.