ಗೋವಾ ಅಂದ್ರೆ ಯಾವ ಗೋವಾ? ದಾಬೋಲಿಂ, ಮೋಪಾ ಎರಡೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಗೋವಾದ ಎರಡು ವಿಮಾನ ನಿಲ್ದಾಣಗಳಲ್ಲಿ ಕಾರವಾರದವರಿಗೆ ದಾಬೋಲಿಂ ಸಾಕು. ಮೋಪಾ ಚೆನ್ನಾಗಿಲ್ಲ ಅಂತಲ್ಲ. ದೂರ.

ಕಳೆದ ವರ್ಷ ತಂಗಿಯ ಬಾಣಂತನಕ್ಕೆ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗಬೇಕಿತ್ತು. ಮೊಬೈಲಿನಲ್ಲಿ ಗೋವಾ–ದೆಹಲಿ ಹುಡುಕಿದೆ, ಕಡಿಮೆ ದರದ್ದು ಕಂಡಿತು, ದುಡ್ಡು ಕಟ್ಟಿದೆ. ಗೋವಾ ಅಂದ್ರೆ ನಮಗೆ ದಾಬೋಲಿಂ ತಾನೇ? ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟೆವು. ಮಾಜಾಳಿ ದಾಟಿ, ಕಾಣಕೋಣ ಪೇಟೆಯಲ್ಲಿ ಚಹಾ ಕುಡಿದು, ಹನ್ನೆರಡೂಕಾಲಿಗೆ ಗೇಟಿನ ಮುಂದೆ. ಜವಾನ ಟಿಕೆಟ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಟಿಕೆಟ್ ನೋಡಿದ. "ಯೇ ತೋ ಮೋಪಾ ಕಾ ಹೈ, ಮೇಡಂ."

ಟಿಕೆಟ್‌ನಲ್ಲಿ ನಿಲ್ದಾಣದ ಸಂಕೇತ ದಾಬೋಲಿಂಗೆ ಜಿಓಐ, ಮೋಪಾಕ್ಕೆ ಜಿಓಎಕ್ಸ್. ಒಂದೇ ಅಕ್ಷರದ ವ್ಯತ್ಯಾಸ, ರಸ್ತೆಯಲ್ಲಿ ಒಂದೂವರೆ ಗಂಟೆ. ವಿಮಾನ ಎರಡೂಕಾಲಿಗೆ, ಕೌಂಟರ್ ಮುಚ್ಚುವುದು ಒಂದು ಗಂಟೆ ಮೊದಲು. "ನೋಡುವ ಅಕ್ಕಾ" ಅಂದ ಡ್ರೈವರ್. ಹೊಸ ಜುವಾರಿ ಸೇತುವೆ ಸಲೀಸಾಗಿ ದಾಟಿತು. ಮಾಪ್ಸಾ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಅಮ್ಮ ಒಣ ಸೀಗಡಿ ಪೊಟ್ಟಣಕ್ಕೆ ಮೂರನೇ ಪ್ಲಾಸ್ಟಿಕ್ ಸುತ್ತುತ್ತಾ, "ಇಷ್ಟು ಸಣ್ಣ ಗೋವಾಕ್ಕೆ ಎರಡೆರಡು ಯಾಕೆ ಬೇಕಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಮುಟ್ಟುವಾಗ ಕೌಂಟರ್ ಮುಚ್ಚಿ ಅರ್ಧ ಗಂಟೆ. ರಾತ್ರಿ ವಿಮಾನಕ್ಕೆ ಹೊಸ ಟಿಕೆಟ್, ಇಬ್ಬರಿಗೆ 17 ಸಾವಿರ. ಬುಕ್ ಮಾಡುವಾಗ ನಾನು ಉಳಿಸಿದೆ ಅಂದುಕೊಂಡಿದ್ದು 1,800.

ಏಳು ತಾಸು ಅಲ್ಲೇ ಕೂತಿದ್ದರಿಂದ ಮೋಪಾ ಪೂರ್ತಿ ನೋಡಿದ ಹಾಗಾಯಿತು. 2023ರ ಜನವರಿಯಲ್ಲಿ ಶುರುವಾದದ್ದು, ವಿಶಾಲವಾಗಿದೆ, ಸಾಲು ಬೇಗ ಸರಿಯುತ್ತದೆ, ಶೌಚಾಲಯ ಶುಚಿ. ದಾಬೋಲಿಂನಲ್ಲಿ ನೂಕುನುಗ್ಗಲು. ಅದು ನೌಕಾಪಡೆಯ ಜಾಗ, ವಾರದ ದಿನಗಳಲ್ಲಿ ಬೆಳಗಿನ ಕೆಲವು ಗಂಟೆ ಅವರ ಹಾರಾಟಕ್ಕೇ ಮೀಸಲು. ಅರಗಾದ ಸೀಬರ್ಡ್ ನೌಕಾನೆಲೆಯ ಬೇಲಿ ನೋಡಿಕೊಂಡು ಓಡಾಡುವ ನಮಗೆ ಇದೇನು ಹೊಸದಲ್ಲ ಬಿಡಿ.

ತಮಾಷೆ ಇರುವುದು ಆಕಾಶದಲ್ಲಿ. ಮೋಪಾ ಉತ್ತರಕ್ಕಿರುವುದರಿಂದ ದೆಹಲಿಗೆ ನೇರ ದೂರ ಸುಮಾರು 1,460 ಕಿ.ಮೀ. ದಾಬೋಲಿಂನಿಂದ 1,500. ಆ 40 ಕಿ.ಮೀ. ವಿಮಾನಕ್ಕೆ ಮೂರು ನಿಮಿಷದ ದಾರಿ. ಟಿಕೆಟ್‌ನಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಎರಡೂವರೆ ಗಂಟೆಯೇ ಇರುತ್ತದೆ, ಯಾಕೆಂದರೆ ರನ್‌ವೇವರೆಗೆ ತೆವಳುವುದು, ದೆಹಲಿ ಮೇಲೆ ಸುತ್ತು ಹಾಕುವುದು ಎಲ್ಲ ಅದರಲ್ಲೇ ಸೇರಿದೆ. ಆದರೆ ಕಾರವಾರದಿಂದ ರಸ್ತೆಯಲ್ಲಿ ದಾಬೋಲಿಂ ಸುಮಾರು 90 ಕಿ.ಮೀ., ಮೋಪಾ 130ರ ಮೇಲೆ. ಮೇಲೆ ಉಳಿದ ಮೂರು ನಿಮಿಷಕ್ಕೆ ಕೆಳಗೆ ಒಂದು ತಾಸು ಜಾಸ್ತಿ, ಟ್ಯಾಕ್ಸಿ ದುಡ್ಡು ಬೇರೆ.

ಹುಬ್ಬಳ್ಳಿ? ಮಳೆಗಾಲದಲ್ಲಿ ಅರಬೈಲ್ ಘಾಟಿ ಹತ್ತಿ ವಿಮಾನ ಹಿಡಿಯುವಷ್ಟು ಧೈರ್ಯ ನನಗಿಲ್ಲ. ಶಿರಸಿಯವರಾದರೆ ಮಾತು ಬೇರೆ, ಅವರಿಗೆ ಅದೇ ಹತ್ತಿರ.

ವಾಪಸ್ ಬರುವಾಗ ದಾಬೋಲಿಂಗೇ ಬುಕ್ ಮಾಡಿದೆ. ತಲೆಗೆ 700 ಜಾಸ್ತಿ ಕೊಟ್ಟೆ, ಕತ್ತಲಾಗುವ ಮೊದಲು ಕಾಳಿ ನದಿ ದಾಟಿದ್ದೆ. ಇನ್ನು ಮೋಪಾ ಟಿಕೆಟ್ ತಲೆಗೆ ಎರಡು ಸಾವಿರವಾದರೂ ಅಗ್ಗ ಇದ್ದರೆ ಮಾತ್ರ ಯೋಚನೆ ಮಾಡುತ್ತೇನೆ. ಅದೂ ಅಮ್ಮ ಜೊತೆಗಿಲ್ಲದಾಗ. ಒಬ್ಬಳೇ ಹೋಗುವುದಾದರೆ ಶಿರವಾಡದಲ್ಲಿ ರೈಲು ಹತ್ತಿ ಮಡಗಾಂವ್, ಅಲ್ಲಿಂದ ದಾಬೋಲಿಂಗೆ ಟ್ಯಾಕ್ಸಿ.