ಬಾಗಿಲಿನ ತಗಡಿಗೆ ಬ್ಯುಟೈಲ್ ಶೀಟ್: ಮೀಟರಿಗೆ ಸಿಗದ ನೆಮ್ಮದಿ

ಕಾರಿನ ಬಾಗಿಲಿನೊಳಗೆ ಅಂಟಿಸುವ 2 ಮಿ.ಮೀ. ದಪ್ಪದ ಬ್ಯುಟೈಲ್ ಡ್ಯಾಂಪಿಂಗ್ ಶೀಟನ್ನು (ಮೇಲೆ ಅಲ್ಯೂಮಿನಿಯಂ ಹಾಳೆಯಿರುವ, ತಗಡಿನ ಅದುರು ತಗ್ಗಿಸುವ ಅಂಟು ರಬ್ಬರ್ ಹಾಳೆ) ಡೆಸಿಬೆಲ್ ಮೀಟರ್ ಹಿಡಿದು ಅಳೆಯಹೊರಟರೆ ನಿರಾಸೆಯೇ ಗತಿ. ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಈ ಶೀಟೊಂದರಿಂದಲೇ ಅದು ಆಗದ ಮಾತು. ಆದರೂ ಒಳಗೆ ಕೂತವರಿಗೆ ಹಾಯೆನಿಸುತ್ತದೆ. ನಮ್ಮನ್ನು ರೇಗಿಸುವುದು ಸದ್ದಿನ ಪ್ರಮಾಣವಷ್ಟೇ ಅಲ್ಲ, ಅದರ ಗುಣ. ಒಂದೇ ಸಮನೆ ಬರುವ ಮೊರೆತಕ್ಕೆ ಕಿವಿ ಒಗ್ಗಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ 'ಕಟಕಟ' ಅನ್ನುವುದಕ್ಕೆ ಒಗ್ಗುವುದಿಲ್ಲ. ಮತ್ತೆ ಯಾವಾಗ ಬಂದೀತೆಂದು ಮನಸ್ಸು ಕಾಯುತ್ತಲೇ ಇರುತ್ತದೆ, ಏನೋ ಸಡಿಲವಾಗಿದೆ ಎಂಬ ಅಳುಕು ಬೇರೆ. ಎಂಜಿನ್ ಸದ್ದಿನ ಮರೆಯಿಲ್ಲದ ಎಲೆಕ್ಟ್ರಿಕ್ ಕಾರುಗಳಲ್ಲಂತೂ ಅದು ಇನ್ನೂ ಎದ್ದು ಕೇಳುತ್ತದೆ.

ತಗಡು ಅದುರಿದಾಗ ಅದಕ್ಕೂ ಮೇಲಿನ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕ ಬ್ಯುಟೈಲ್ ಹಿಗ್ಗಿ ಜಗ್ಗಿ ಆ ಕಂಪನವನ್ನು ಬಿಸಿಯಾಗಿ ಕಳೆಯುತ್ತದೆ. ಫಲ ಮೊದಲು ತಿಳಿಯುವುದು ಬಾಗಿಲು ಹಾಕಿದಾಗ: ಖಾಲಿ ಡಬ್ಬದ 'ಠಣ್' ಹೋಗಿ 'ಧಪ್' ಅನ್ನುತ್ತದೆ. ಗಾಡಿ ಗಟ್ಟಿಯಿದೆ ಎಂಬ ಭರವಸೆ ಅಲ್ಲಿಂದಲೇ ಶುರು.

ಬಾಗಿಲನ್ನೆಲ್ಲ ಮುಚ್ಚಿಬಿಡುವುದು ದಂಡ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿ, ಹೊರತಗಡಿನ ಒಳಮೈಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟೊಳ್ಳಾಗಿ ಕೇಳುವ ನಡುಭಾಗಕ್ಕೆ ಹಾಕಿದರೆ ಸಾಕು, ಶೇ. 25ರಿಂದ 50ರಷ್ಟು ಜಾಗ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ದೂಳು, ಜಿಡ್ಡು ಉಳಿದರೆ ಶೀಟ್ ಕಳಚಿಕೊಳ್ಳುತ್ತದೆ. ಮೇಲಿನ ಉಬ್ಬುಗೆರೆಗಳು ಮಟ್ಟವಾಗುವ ತನಕ ರೋಲರ್ ಒತ್ತಿ ಉಜ್ಜಬೇಕು. ಗಾಳಿ ಉಳಿದ ಕಡೆ ಶೀಟಿದ್ದೂ ಇಲ್ಲದಂತೆಯೇ. ಬಾಗಿಲಿನ ಅಡಿಯಂಚಿನ ನೀರು ಹೋಗುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ನೀರು ನಿಂತು ತುಕ್ಕು ತಿನ್ನುತ್ತದೆ. ಪ್ಯಾಡ್ ಹಾಕುವ ಮುನ್ನ ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಎಲ್ಲೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. 'ಕಟಕಟ'ದ ಅಸಲಿ ಮೂಲ ಹಲವು ಸಲ ತಗಡಲ್ಲ, ಲಾಕ್ ರಾಡ್ ಮತ್ತು ವೈರಿನ ಕ್ಲಿಪ್ಪುಗಳು. ಅವಕ್ಕೆ ಫೋಮ್ ಟೇಪ್ ಸುತ್ತಿ.

ಅಗ್ಗದ ಡಾಂಬರು ಶೀಟು ಬೇಡವೇ ಬೇಡ. ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆ ಹೊಡೆಯುತ್ತದೆ.

ಟೈರಿನೊಳಗಿನ ಗಾಳಿಯೇ 200 ಹರ್ಟ್ಸ್ ಆಸುಪಾಸಿನಲ್ಲಿ ಎಬ್ಬಿಸುವ 'ಗುಂಯ್' ಸದ್ದಿಗೆ ಬಾಗಿಲಿನ ಶೀಟು ಮದ್ದಲ್ಲ. ವೇಗದಲ್ಲಿ ಕೇಳುವ ಗಾಳಿಯ ಸಿಳ್ಳೆಗೂ ಅಲ್ಲ, ಅದು ಹೆಚ್ಚಾಗಿ ಬಾಗಿಲಂಚಿನ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗ್‌ನ ದೋಷ. ಅದರ ಮೇಲೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ: ಬಿಗಿಯಿಲ್ಲದೆ ಸಲೀಸಾಗಿ ಬಂದರೆ ಶೀಟಿಗೆ ದುಡ್ಡು ಹಾಕುವ ಮೊದಲು ಬೀಡಿಂಗ್ ಬದಲಿಸಿ.